ತಮ್ಮ ಕೊಟ್ಟ ಪಿತ್ತದ ಸೀಸೆ

ನನ್ನ ಮಗಳು ಬದುಕಿ ಉಳಿದದ್ದು ನನ್ನ ತಮ್ಮನಿಂದ. ಅವಳ ಎಡಗಿವಿ ಕೇಳಿಸದಂತಾದದ್ದಕ್ಕೆ ನಾನೂ ಕಾರಣನಿರಬಹುದು. ಮೊದಲನೆಯದನ್ನು ಊರಿಗೆಲ್ಲ ಹೇಳಿಕೊಂಡು ತಿರುಗಿದ್ದೇನೆ. ಎರಡನೆಯದನ್ನು ಈಗ ಹೇಳುತ್ತಿದ್ದೇನೆ.

ನಾನು ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವನು. ಕುರುಗೋಡಿನಲ್ಲಿದ್ದುಕೊಂಡು ಎತ್ತಿನ ಗಾಡಿಯಲ್ಲಿ ಸಿರುಗುಪ್ಪದ ಗಿರಣಿಗಳಿಗೆ ಭತ್ತ ಹೊಡೆಯುತ್ತಿದ್ದೆ. ತಮ್ಮ ಓದಿದ. ಬಳ್ಳಾರಿಯ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಸಹಾಯಕನಾಗಿದ್ದ. ಬಳ್ಳಾರಿ ಇನ್ನೂ ಮದರಾಸಿಗೆ ಸೇರಿದ್ದ ಕೊನೆಯ ವರ್ಷಗಳವು.

ಆ ಸಲ ಸಿರುಗುಪ್ಪದ ಗದ್ದೆ ಕಡೆ ಚಳಿಜ್ವರ ಎದ್ದಿತ್ತು. ಅಲ್ಲಿಯವರ ರಕ್ತ ನೋಡಿ ಬರಲು ಡಾಕ್ಟರು ತಮ್ಮನನ್ನು ಕಳಿಸಿದ್ದರು. ದಾರಿಯಲ್ಲಿ ಅವನು ನಮ್ಮ ಮನೆಯಲ್ಲಿ ಇಳಿದ. ಇಲ್ಲಿ ನನ್ನ ಮಗಳು ವಾರದಿಂದ ಜ್ವರದಲ್ಲಿ ಬೇಯುತ್ತಿದ್ದಳು. ಕ್ವಿನೈನ್ ಕುಡಿಸಿದರೂ ಇಳಿದಿರಲಿಲ್ಲ.

ತಮ್ಮ ಅವಳ ಬೆರಳು ಚುಚ್ಚಿ ಒಂದು ಹನಿ ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ಸವರಿ ಒಣಗಿಸಿದ. ಮೇಲೆ ನೇರಳೆ ಬಣ್ಣದ ನೀರು ಸುರಿದು ತೊಳೆದ. ಅಂಗಳದಲ್ಲಿ ಸೂಕ್ಷ್ಮದರ್ಶಕ ಇಟ್ಟು, ಅದರ ಕನ್ನಡಿಯನ್ನು ಬಿಸಿಲಿಗೆ ತಿರುಗಿಸಿ, ಪಟ್ಟಿಯ ಮೇಲೆ ಒಂದು ತೊಟ್ಟು ಎಣ್ಣೆ ಬಿಟ್ಟು ಕಣ್ಣಿಟ್ಟ. ಎಷ್ಟು ಹೊತ್ತಾದರೂ ತಲೆ ಎತ್ತಲಿಲ್ಲ.

"ಮೈದುನಾ, ಅದರಾಗ ಏನು ಸಿನಿಮಾ ನಡದೈತೇನು? ಬಾಯಿ ಬಿಡು," ಎಂದಳು ನನ್ನ ಹೆಂಡತಿ.

"ಮಲೇರಿಯಾ ಇಲ್ಲ ಅತ್ತಿಗಿ. ಇದ್ದಿದ್ರ ಛಲೋ ಇತ್ತು. ಇದು ಟೈಫಾಯಿಡ್ ಇದ್ದಂಗ ಕಾಣತೈತಿ."

ಟೈಫಾಯಿಡಿಗೆ ಆಗಷ್ಟೇ ಹೊಸ ಔಷಧಿ ಬಂದಿತ್ತು. ಮದರಾಸಿನಿಂದ ತರಿಸಬೇಕು. ಲ್ಯಾಬಿನಲ್ಲಿ ಖಾತ್ರಿಯಾಗದೆ ಡಾಕ್ಟರು ಬರೆದುಕೊಡುತ್ತಿರಲಿಲ್ಲ. ತಮ್ಮ ಅವಳ ತೋಳಿನಿಂದ ರಕ್ತ ತೆಗೆದು, ಹಸಿರು ನೀರಿದ್ದ ಒಂದು ಸೀಸೆಗೆ ಬಿಟ್ಟು, ಅದರ ಬಾಯಿಗೆ ಬೂಚು ಒತ್ತಿದ.

"ಈ ಜ್ವರದಾಗ ಕೂಸಿಗೆ ಬಸ್ಸಿನ ಕುಲುಕಾಟ ಬ್ಯಾಡ. ನಾ ಸಿರುಗುಪ್ಪಕ್ಕ ಹೋಗಲೇಬೇಕು. ನೀ ಇದನ್ನ ಇವತ್ತೇ ಬಳ್ಳಾರಿಗೆ ಒಯ್ದು ಲ್ಯಾಬಿನಾಗ ಕೊಡು ಅಣ್ಣಾ."

"ಏನಲೇ ಇದು ಹಸರಂದು?"

"ಎತ್ತಿನ ಪಿತ್ತ. ಕುದಿಸಿ ಸೋಸಿದ್ದು. ಇದರಾಗ ರಕ್ತ ಹೆಪ್ಪುಗಟ್ಟಂಗಿಲ್ಲ. ಟೈಫಾಯಿಡ್ ಕ್ರಿಮಿ ಇದ್ರ ಸಾಯಂಗಿಲ್ಲ, ಬೆಳೀತಾವು. ಬೆಳದ್ರ ನಮ್ಮ ಕಣ್ಣಿಗೆ ಬೀಳ್ತಾವು."

"ಯಾವ ಎತ್ತಿಂದು?"

"ಹೆಸರು ಕೇಳಿಲ್ಲಪಾ," ಎಂದು ನಕ್ಕ. ನಾನು ನಗಲಿಲ್ಲ.

ನಮ್ಮದು ಲಿಂಗ ಕಟ್ಟಿದ ಮನೆ. ಊರ ದೇವರೇ ಬಸವಣ್ಣ. ಬೆಳಗಾದರೆ ಎತ್ತಿನ ಹಣೆ ಮುಟ್ಟಿ ನಮಸ್ಕರಿಸಿ ನೊಗ ಹೂಡುವವನು ನಾನು. ಯಾರೋ ಕಡಿದ ಎತ್ತಿನ ಹೊಟ್ಟೆಯೊಳಗಿನ ನೀರಿನಲ್ಲಿ ನನ್ನ ಮಗಳ ರಕ್ತ ಬೆರೆತಿತ್ತು. ಅದನ್ನು ಮಡಿಲಲ್ಲಿ ಕಟ್ಟಿಕೊಂಡು ಬಸ್ಸಿಗೆ ಹೊರಟೆ. ಬಸವಣ್ಣನ ಗುಡಿಯ ಮುಂದಿನ ದಾರಿಗೆ ಬಂದು ನಿಂತುಬಿಟ್ಟೆ. ಈ ಪಾಪಕ್ಕೇ ಕೂಸು ಸತ್ತರೆ ಎಂಬ ಭಯ ಹುಟ್ಟಿತು. ಹಿಂದಿರುಗಿ ಊರಾಚೆಯ ಹಳ್ಳಕ್ಕೆ ಹೋದೆ. ಸೀಸೆಯನ್ನು ಉಸುಕಿನಲ್ಲಿ ಬಗ್ಗಿಸಿ, ಮೇಲೆ ಮಣ್ಣೆಳೆದೆ. ಹೊತ್ತು ಮುಳುಗಿದ ಮೇಲೆ ಮನೆಗೆ ಬಂದು ಹೆಂಡತಿಗೆ, "ಕೊಟ್ಟು ಬಂದೆ," ಎಂದೆ.

ನಾಲ್ಕು ದಿನಕ್ಕೆ ಸಿರುಗುಪ್ಪದ ಕೆಲಸ ಮುಗಿಸಿ ಬಳ್ಳಾರಿಗೆ ಹೋದ ತಮ್ಮ, ಅಲ್ಲಿ ಸೀಸೆ ಕಾಣದೆ ಮರುದಿನವೇ ಓಡಿ ಬಂದ. ನನ್ನನ್ನು ಹಿತ್ತಲಿಗೆ ಕರೆದ.

"ಸೀಸಿ ಎಲ್ಲಿ ಅಣ್ಣಾ?"

"ಬಸ್ಸಿನ ಗದ್ದಲದಾಗ ಬೂಚು ಬಿಚ್ಚಿ ಚೆಲ್ಲಿತು."

"ಖರೇನ?"

"ಬಸವಣ್ಣನ ಆಣಿ."

ಯಾರಿಗಾಗಿ ಚೆಲ್ಲಿದೆನೋ ಅವನ ಮೇಲೆಯೇ ಸುಳ್ಳು ಆಣೆ ಇಟ್ಟೆ. ತಮ್ಮ ನನ್ನ ಮುಖವನ್ನೇ ನೋಡಿದ. ಬೈಯಲಿಲ್ಲ. ಒಳಗೆ ಹೋಗಿ ಚೀಲದಿಂದ ಒಂದು ಗಾಜಿನ ಕೊಳವೆ ತೆಗೆದು, ಕೂಸಿನ ತೋಳಿನಿಂದ ಮತ್ತೆ ರಕ್ತ ತೆಗೆದು ಅದಕ್ಕೆ ತುಂಬಿ, ಬಿಸಿಲಿಗೆ ಹಿಡಿದು ನನಗೆ ತೋರಿಸಿದ.

"ನೋಡು, ಇದರಾಗ ಏನೂ ಇಲ್ಲ. ಬರೇ ಕೂಸಿನ ರಕ್ತ. ಜ್ವರ ಹಳೇದಾತು, ಈಗ ಬ್ಯಾರೆ ಪರೀಕ್ಷೆ ನಡೀತೈತಿ. ನೀನೂ ಬಾ ನನ್ನ ಕೂಡ."

ಅವನಿಗೆ ತಿಳಿದಿದೆ ಎಂದು ಆಗಲೇ ನನಗೆ ಗೊತ್ತಾಯಿತು.

ಲ್ಯಾಬಿನಲ್ಲಿ ಆ ರಕ್ತ ಹೆಪ್ಪುಗಟ್ಟಿ ಮೇಲೆ ತಿಳಿನೀರು ನಿಂತಿತು. ತಮ್ಮ ಅದನ್ನು ಸಣ್ಣ ಕೊಳವೆಗಳಿಗೆ ಹಂಚಿದ. ಸತ್ತ ಟೈಫಾಯಿಡ್ ಕ್ರಿಮಿಗಳಿದ್ದ ಮಬ್ಬು ನೀರನ್ನು ಅದಕ್ಕೆ ಬೆರೆಸಿ ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟ. ಮೈಯಲ್ಲಿ ಆ ಜ್ವರವಿದ್ದರೆ ಮಬ್ಬು ಒಡೆದು ತಳಕ್ಕೆ ಕೂರುತ್ತದಂತೆ. ಅಷ್ಟರಲ್ಲಿ ಡಾಕ್ಟರು ಬಂದರು.

"ಮೊದಲನೆಯ ಸ್ಯಾಂಪಲ್ ಏನಾಯಿತು? ದಿನಗಳು ಹಾಳಾದವಲ್ಲ!"

"ಬೂಚು ನಾನೇ ಸಡಿಲ ಹಾಕಿದ್ದೆ ಸಾರ್," ಎಂದ ತಮ್ಮ.

ಬೈಗುಳ ಜೋರಾಗಿಯೇ ಬಿತ್ತು. ಬೂಚು ಹಾಕಲು ಬಾರದವನು ಹಳ್ಳಿಗಳಿಗೆ ಹೋಗುವುದು ಬೇಡ, ಇಲ್ಲೇ ಕೂತು ಗಾಜು ತೊಳೆ ಎಂದರು. ನಾನು ಬಾಗಿಲ ಬಳಿ ರುಮಾಲು ಕೈಯಲ್ಲಿ ಹಿಡಿದು ನಿಂತಿದ್ದೆ. ಪಿತ್ತ ಚೆಲ್ಲಿದ್ದು ತಿಳಿಯದೆ ಮಾಡಿದ ತಪ್ಪು ಎನ್ನಬಹುದು. ಅಲ್ಲಿ ಸುಮ್ಮನೆ ನಿಂತದ್ದು ತಿಳಿದೂ ಮಾಡಿದ್ದು.

ಬೆಳಗ್ಗೆ ಕೊಳವೆಗಳ ತಳದಲ್ಲಿ ಒಡೆದ ಹಾಲಿನಂತೆ ಚೂರುಗಳು ಕೂತಿದ್ದವು. ಟೈಫಾಯಿಡೇ. ಡಾಕ್ಟರು ಮದರಾಸಿಗೆ ತಂತಿ ಕೊಟ್ಟು ಔಷಧಿ ತರಿಸಿದರು. ತಮ್ಮ ರಜೆ ಹಾಕಿ ಕುರುಗೋಡಿಗೆ ಬಂದು, ಹೊತ್ತು ಹೊತ್ತಿಗೆ ತಾನೇ ನುಂಗಿಸಿದ. ಜ್ವರ ಇಳಿಯಿತು. ಕೂಸು ಗಂಜಿ ಕೇಳಿತು. ಎಡಗಡೆಯಿಂದ ಕರೆದರೆ ತಿರುಗುತ್ತಿಲ್ಲವೆಂಬುದು ಆಮೇಲೆ ತಿಳಿಯಿತು. ಮೊದಲೇ ಔಷಧಿ ಬಿದ್ದಿದ್ದರೆ ಕಿವಿ ಉಳಿಯುತ್ತಿತ್ತೇ ಎಂದು ಕೇಳಿದೆ. ಹೇಳಲಾಗದು ಎಂದರು ಡಾಕ್ಟರು.

ಅವಳು ಓಡಾಡುವಂತಾದ ಮೇಲೆ ಬಳ್ಳಾರಿಯ ಗಾಂಧಿನಗರದಲ್ಲಿದ್ದ ತಮ್ಮನ ಖೋಲಿಗೆ ಹೋಗಿ ಎಲ್ಲ ಹೇಳಿದೆ. ಅವನು ಸ್ಟೋವಿಗೆ ಗಾಳಿ ಹೊಡೆಯುತ್ತಿದ್ದ.

"ನನಗ ಯಾಕ ಹೇಳ್ತಿ? ನನಗ ಗೊತ್ತಿದ್ದದ್ದ. ಡಾಕ್ಟರಿಗೆ ಹೇಳು," ಎಂದ. ಆಮೇಲೆ, "ಮೊದಲ ಚಾ ಕುಡಿ," ಎಂದ.

ನಾಳೆ, ನಾಡಿದ್ದು ಎನ್ನುತ್ತ ದಿನ ದೂಡಿದೆ. ಬಳ್ಳಾರಿ ಮೈಸೂರಿಗೆ ಸೇರಿತು. ಡಾಕ್ಟರು ಮದರಾಸಿನ ಕಡೆಗೇ ವರ್ಗ ಮಾಡಿಸಿಕೊಂಡು ಹೋದರು. ತಮ್ಮ ಬಹಳ ಕಾಲ ಗಾಜು ತೊಳೆದ. ಒಮ್ಮೆಯೂ ಆ ಮಾತು ಎತ್ತಲಿಲ್ಲ. ಹಬ್ಬಕ್ಕೆ ಬಂದಾಗಲೆಲ್ಲ ನನ್ನ ಮಗಳ ಬಲಗಡೆಗೆ ಕೂತು ಹರಟುತ್ತಿದ್ದ. ಅವನಂಥವನು ಬೆನ್ನಿಗೆ ಹುಟ್ಟುವ ಪುಣ್ಯ ಮಗಳಿಗಿರಲಿಲ್ಲ, ನನಗಿತ್ತು. ಅದಕ್ಕೆ ಕೈಮುಗಿಯುತ್ತೇನೆ.

ಆ ಡಾಕ್ಟರು ಈಗ ಎಲ್ಲಿದ್ದಾರೋ. ಅವರಿಗೆ ತಲುಪುವಂತಿದ್ದರೆ ಇಷ್ಟು ತಲುಪಲಿ: ನನ್ನ ತಮ್ಮ ಬೂಚನ್ನು ಗಟ್ಟಿಯಾಗಿಯೇ ಹಾಕಿದ್ದ ಸ್ವಾಮೀ. ಹಳ್ಳದಲ್ಲಿ ಕೂತು ಹಲ್ಲಿನಿಂದ ಕಚ್ಚಿ ಎಳೆದವನು ನಾನು.