ಬೀಜದ ಗೋದಾಮಿನ ಎರಡನೇ ಉಸಿರು

ನಂಬಿ ಅಂತ ನಾನು ಯಾರ ಕೈಕಾಲನ್ನೂ ಹಿಡಿಯುವುದಿಲ್ಲ. ಕೇಳಿದವರ ಮುಖದಲ್ಲೆಲ್ಲ ಅದೇ ಒಂದು ನಗೆ ನೋಡಿ ಸಾಕಾಗಿದೆ. ನಾನು ಕುಡಿದಿರಲಿಲ್ಲ. ನಿದ್ದೆಗಣ್ಣಿನಲ್ಲೂ ಇರಲಿಲ್ಲ. ಇದು ನನಗೇ ಆದದ್ದು, ನಾನು ಕಿವಿಯಾರೆ ಕೇಳಿದ್ದು. ನಗುವವರು ಇಲ್ಲಿಗೇ ಎದ್ದು ಹೋಗಬಹುದು.

ಊರೂರಿಗೆ ಮೊಬೈಲ್ ಹೊಸದಾಗಿ ಬಂದಿದ್ದ ಕಾಲ. ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯಲ್ಲಿ ನಾನು ಫೀಲ್ಡ್ ಸೂಪರ್‌ವೈಸರ್. ಟೊಮ್ಯಾಟೊ, ಮೆಣಸಿನಕಾಯಿ ಬೀಜ ಬೆಳೆಯುವ ರೈತರ ಹೊಲ ತಿರುಗುವುದು ನನ್ನ ಕೆಲಸ. ಬೆಳಿಗ್ಗೆ ದೇವರಗುಡ್ಡದ ಕಡೆ, ಮಧ್ಯಾಹ್ನ ಗುತ್ತಲ, ಹೊತ್ತು ಮುಳುಗುವಷ್ಟರಲ್ಲಿ ಕರ್ಜಗಿ. ಕಂಪನಿಯವರು ಕೈಗೊಂದು ಮೊಬೈಲ್ ಕೊಟ್ಟಿದ್ದರು. ಕೊಟ್ಟ ದಿನ ಓಣಿಯವರಿಗೆಲ್ಲ ತೋರಿಸಿದ್ದೆ. ಅದು ಕೊರಳಿಗೆ ಕಟ್ಟಿದ ಹಗ್ಗ ಅಂತ ಗೊತ್ತಾಗಲು ಬಹಳ ದಿನ ಬೇಕಾಗಲಿಲ್ಲ.

ನಮ್ಮ ಮ್ಯಾನೇಜರ್ ಸಾಹೇಬರು ನಾನು ಊಟಕ್ಕೆ ಕೂತರೆ ಫೋನ್ ಮಾಡುತ್ತಿದ್ದರು, ಬಚ್ಚಲಿಗೆ ಹೋದರೆ ಫೋನ್ ಮಾಡುತ್ತಿದ್ದರು. ಒಮ್ಮೆ ಅಕ್ಕಸಾಲಿಗ ಪತ್ತಾರನ ಅಂಗಡಿಯಲ್ಲಿ ಮಗಳ ಕಿವಿ ಚುಚ್ಚಿಸುತ್ತಿದ್ದೆವು. ಮಗು ಚೀರಿ ಅಳುತ್ತಿತ್ತು. "ಅದ್ಯಾರು ಅಳಾಕತ್ತಾರಲೇ? ಮೊದ್ಲ ಹೊರಗ ಬಂದು ಮಾತಾಡು" ಅಂದರು. ಅಳುವ ಮಗುವನ್ನು ನನ್ನ ಹೆಂಡತಿ ರತ್ನಾಳ ಕೈಗೆ ಕೊಟ್ಟು ಹೊರಗೆ ಹೋಗಿ ಮಾತಾಡಿದೆ. ಇವತ್ತಿಗೂ ಅದು ನೆನಪಾದರೆ ಹಲ್ಲು ಕಡಿಯುತ್ತೇನೆ.

ಆಮೇಲೆ ಶುರುವಾಯಿತು. ಫೋನ್ ಬಡಿದರೆ ಎದೆ ಬಡಿಯುವುದು. ಬರುಬರುತ್ತ ಫೋನ್ ಬಡಿಯದಿದ್ದರೂ. ಅಂಗೈ ತಣ್ಣಗಾಗಿ, ಉಸಿರು ಅರ್ಧಕ್ಕೇ ನಿಂತು, ಈಗ ಸತ್ತೆ ಅನ್ನಿಸಿಬಿಡುತ್ತಿತ್ತು… ನಡುರಸ್ತೆಯಲ್ಲಿ ಬೈಕ್ ನಿಲ್ಲಿಸಿ ಬೇವಿನ ಗಿಡ ಹಿಡಿದುಕೊಂಡು ನಿಂತಿದ್ದೇನೆ.

ಹಾವೇರಿಯಲ್ಲಿ ಇಸಿಜಿ ತೆಗೆಸಿದೆ. "ಹಾರ್ಟ್ ಚಲೋ ಐತ್ರಿ. ಟೆನ್ಶನ್ ಕಮ್ಮಿ ಮಾಡ್ಕೋರಿ" ಅಂದರು ಡಾಕ್ಟರು. ಹೇಗೆ ಕಮ್ಮಿ ಮಾಡಿಕೊಳ್ಳಬೇಕು? ಅದೇನು ಸಾರಿಗೆ ಹಾಕುವ ಉಪ್ಪೇ? ನಮ್ಮಣ್ಣ, "ಗಂಡಸಾಗಿ ಹಿಂಗ ಅಂಜಿದ್ರ ಹೆಂಗಪಾ" ಅಂದ. ಆಫೀಸಿನಲ್ಲಿ ಸಾಹೇಬರೇ ನನಗೆ 'ಪುಕ್ಕಲ ಮಲ್ಲೇಶಿ' ಅಂತ ಹೆಸರಿಟ್ಟರು. ಎಲ್ಲರೂ ನಕ್ಕರು.

ನನ್ನ ಮಾತನ್ನು ಪೂರ್ತಿ ಕೇಳಿದ್ದು ಬ್ಯಾಡಗಿಯ ಒಬ್ಬ ಡಾಕ್ಟರಮ್ಮ ಮಾತ್ರ. "ಇದು ನಾಟಕ ಅಲ್ರಿ, ಇದೂ ಒಂದು ಬ್ಯಾನಿ" ಅಂದರು. ಉಸಿರಾಟ ಕಲಿಸಿದರು. ನಾಲ್ಕು ಎಣಿಸುವ ತನಕ ಉಸಿರು ತಗೊಳ್ಳಬೇಕು, ನಾಲ್ಕು ಎಣಿಸುವ ತನಕ ಹಿಡಿಯಬೇಕು, ನಾಲ್ಕಕ್ಕೆ ಬಿಡಬೇಕು. "ಮನಸಿನ್ಯಾಗ ಎಣಸ್ರಿ, ಬಾಯಿಲೆ ಬ್ಯಾಡ" ಅಂದರು. ಅದರಿಂದ ನನಗೆ ಗುಣವಾಗುತ್ತಿತ್ತು. ಅದನ್ನು ಮುಚ್ಚಿಡುವುದಿಲ್ಲ.

ಆ ದಿನ ಸಾಹೇಬರು ನನ್ನನ್ನು ಗುತ್ತಲ ರಸ್ತೆಯ ಗೋದಾಮಿಗೆ ಕಳಿಸಿದರು. ಹಿಂದೊಮ್ಮೆ ಹತ್ತಿ ತುಂಬುತ್ತಿದ್ದ ಹಳೇ ತಗಡಿನ ಗೋದಾಮು, ಸುತ್ತ ಬರೀ ಹೊಲ. ಬ್ಯಾಡಗಿಯಿಂದ ಲಾರಿ ಬರುತ್ತದೆ, ಬೀಜದ ಚೀಲ ಹೇರಿಸಿ ಬಾ ಅಂದರು. ಮೂರು ಗಂಟೆಗೆ ಬರಬೇಕಾದ ಲಾರಿ ಹೊತ್ತು ಮುಳುಗಿದರೂ ಬರಲಿಲ್ಲ. ಫೋನ್ ಮಾಡಿದರೆ, "ಲೋಡ್ ಆಗೂತನಕ ಅಲ್ಲಿಂದ ಅಲಗಬ್ಯಾಡ. ಅಲಗಿದ್ರ ನಾಳಿಂದ ಕೆಲಸಕ್ಕ ಬರಬ್ಯಾಡ" ಅಂತ ಇಟ್ಟುಬಿಟ್ಟರು.

ಎಂಟರ ಸುಮಾರಿಗೆ ಕರೆಂಟ್ ಹೋಯಿತು.

ಶಟರ್ ಅರ್ಧಕ್ಕೆ ಎತ್ತಿಟ್ಟಿದ್ದೆ. ಹೊರಗೂ ಕತ್ತಲು, ಒಳಗೂ ಕತ್ತಲು. ಗೋಣಿಚೀಲದ ವಾಸನೆ, ಮೆಣಸಿನ ಬೀಜದ ಘಾಟು, ಬೀಜಕ್ಕೆ ಬಳಿಯುವ ಕೆಂಪು ಔಷಧದ ವಾಸನೆ. ಚೀಲದ ಮೇಲೆ ಕೂತಿದ್ದೆ. ಎದೆ ಬಡಿಯಲು ಶುರು ಮಾಡಿತು… ಕೈ ತಣ್ಣಗಾಯಿತು. ಕಣ್ಣು ಮುಚ್ಚಿ, ಕಲಿಸಿಕೊಟ್ಟ ಹಾಗೆ ಉಸಿರು ತಗೊಂಡೆ. ಹಿಡಿದೆ. ಬಿಟ್ಟೆ.

ಬಲಗಡೆ ಒಟ್ಟಿದ್ದ ಚೀಲಗಳ ಹಿಂದೆ ಇನ್ನೊಂದು ಉಸಿರು ಬಿಟ್ಟ ಸದ್ದಾಯಿತು.

ತಗಡಿನ ಗೋಡೆ, ನನ್ನದೇ ಸದ್ದು ತಿರುಗಿ ಬರುತ್ತಿದೆ ಅಂದುಕೊಂಡೆ. ಮತ್ತೆ ತಗೊಂಡೆ. ಅದೂ ತಗೊಂಡಿತು. ಹಿಡಿದೆ. ಅದೂ ಹಿಡಿಯಿತು. ಮುಂದಿನ ಸಲ ಬೇಕಂತಲೇ ಎರಡಕ್ಕೇ ನಿಲ್ಲಿಸಿಬಿಟ್ಟೆ.

ಅದು ನಿಲ್ಲಿಸಲಿಲ್ಲ. ಮೂರು… ನಾಲ್ಕು… ನಿಧಾನವಾಗಿ ಪೂರ್ತಿ ಎಳೆದುಕೊಂಡಿತು. ಆಮೇಲೆ ನನಗಾಗಿ ಕಾಯುವ ಹಾಗೆ ಸುಮ್ಮನಾಯಿತು.

ಒಂದು ವಾಸನೆ ಬಂತು. ಬಹಳ ದಿನ ಏನೂ ತಿನ್ನದವರ ಬಾಯಿಂದ ಬರುತ್ತದಲ್ಲ, ಆ ಹಳಸಿದ ವಾಸನೆ… ಹತ್ತಿರದಿಂದಲೇ.

ಆಗ ಫೋನ್ ಬಡಿಯಿತು. ಜನ್ಮದಲ್ಲಿ ಮೊದಲ ಸಲ ಸಾಹೇಬರ ಫೋನ್ ಬಂದದ್ದಕ್ಕೆ ಜೀವ ಬಂದ ಹಾಗಾಯಿತು. ಎತ್ತಿದೆ. ಬೈಗಳು ಶುರುವಾದವು. ಲಾರಿ ಕೆಟ್ಟು ನಿಂತಿದೆ, ನೀನು ಅಲ್ಲೇ ಇರು ಅಂತೆಲ್ಲ. ನಾನು ಒಳಗೊಳಗೇ ಎಣಿಸುತ್ತಿದ್ದೆ. ಎದೆ ಒಡೆಯದಿರಲಿ ಅಂತ.

ಸಾಹೇಬರು ಮಾತು ನಿಲ್ಲಿಸಿದರು.

"ಬಾಜೂಕ ಯಾರ ಅದಾರಲೇ?"

"ಯಾರೂ ಇಲ್ರಿ ಸರ್. ನಾ ಒಬ್ಬನ ಅದೀನಿ."

"ಸುಳ್ಳ ಹೇಳಬ್ಯಾಡ. ಎಣಸಾಕತ್ತಾನಲ್ಲ, ಒಂದು, ಎರಡು ಅಂತ. ಕುಡದಾನೇನು ಅಂವ?"

ನನ್ನ ತುಟಿ ಅಲುಗಿರಲಿಲ್ಲ. ನಾನು ಮನಸ್ಸಿನಲ್ಲಿ ಎಣಿಸಿದ್ದು. ಗಾಬರಿಯಲ್ಲಿ ಎಣಿಕೆ ನಿಂತೇ ಹೋಯಿತು.

"ಈಗ ಸುಮ್ಮನಾದ ನೋಡು" ಅಂದರು.

ಎಣಿಸಬಾರದು ಅಂದುಕೊಂಡೆ. ಬೇಡ ಅಂದಷ್ಟೂ ಮನಸ್ಸು ತಾನೇ ಶುರು ಮಾಡಿತು… ಒಂದು…

"ಮತ್ತ ಚಾಲೂ ಮಾಡಿದ." ಆ ದನಿಯಲ್ಲಿ ಈಗ ಸಿಟ್ಟಿರಲಿಲ್ಲ. "ಮಲ್ಲೇಶಿ, ಅಂವ ಈಗ ನನ್ನ…"

ಫೋನ್ ಕಟ್ ಆಯಿತು.

ತಿರುಗಿ ಹಚ್ಚಿದೆ. ಸ್ವಿಚ್ ಆಫ್. ಮತ್ತೆ ಹಚ್ಚಿದೆ. ಸ್ವಿಚ್ ಆಫ್.

ಆಗ ನನಗೆ ಸಿಟ್ಟು ಬಂತು. ಹೊಟ್ಟೆಯ ಬುಡದಿಂದ ಬಂತು. ಹಗಲು ರಾತ್ರಿ ನನ್ನ ಕಿವಿಯಲ್ಲೇ ಮನೆ ಮಾಡಿದ್ದ ಮನುಷ್ಯ, ನನಗೆ ಒಂದೇ ಒಂದು ಸಲ ಬೇಕಾದಾಗ ಫೋನ್ ಬಂದ್ ಮಾಡಿ ಕೂತಿದ್ದ. ನಾನು ಸತ್ತೆನೋ ಬದುಕಿದೆನೋ ಅವನಿಗೆ ಬೇಕಾಗಿರಲಿಲ್ಲ. ಆ ಸಿಟ್ಟಿನಲ್ಲೇ ಎದ್ದು ನಿಂತೆ. ಚೀಲಗಳ ಕಡೆ ಮುಖ ಮಾಡಿ ಹಲ್ಲು ಕಚ್ಚಿ ಹೇಳಿದೆ: "ನೀ ಯಾರರ ಆಗು. ನಿನಗೂ ಅವಗೂ ಚಾಕರಿ ಮಾಡಾಕ ನಾ ಹುಟ್ಟಿಲ್ಲ. ನಾ ಹೊಂಟೆ."

ಚೀಲಗಳ ಹಿಂದಿನ ಉಸಿರು ನಿಂತಿತು. ಮುಂದೆ ಕೇಳಲು ನಾನು ಅಲ್ಲಿರಲಿಲ್ಲ. ಶಟರ್ ಕೂಡ ಎಳೆಯದೆ ಬೈಕ್ ಹತ್ತಿದೆ. ಹಾವೇರಿಯ ದೀಪ ಕಾಣುವ ತನಕ ಹಿಂದೆ ತಿರುಗಿ ನೋಡಲಿಲ್ಲ.

ಮರುದಿನ ಆಫೀಸಿನಲ್ಲಿ ನಡೆದದ್ದನ್ನೆಲ್ಲ ಹೇಳಿ, ಎಲ್ಲರ ಮುಂದೆ ಸಾಹೇಬರನ್ನು ಕೇಳಿದೆ. "ಸರ್, ನಿನ್ನಿ ಫೋನಿನ್ಯಾಗ ನೀವು ಏನ ಕೇಳಿದ್ರಿ, ಅದನ್ನ ಹೇಳ್ರಿ."

ಸಾಹೇಬರು ಕಾಗದದಿಂದ ತಲೆ ಎತ್ತಲಿಲ್ಲ. "ನಾ ಏನ ಕೇಳ್ಲಿ? ಬ್ಯಾಟರಿ ಹೋತು." ಆಮೇಲೆ ಉಳಿದವರ ಕಡೆ ತಿರುಗಿ ನಕ್ಕರು. "ಮಲ್ಲೇಶಿಗೆ ಮೊದ್ಲ ಅಂಜಿಕಿ ಇತ್ತು. ಈಗ ದೆವ್ವಾನೂ ಬಂತು."

ಗೋದಾಮು ತೆರೆದಿಟ್ಟು ಹೋದದ್ದಕ್ಕೆ ನನಗೇ ನೋಟಿಸು ಕೊಟ್ಟರು.

ಗೋದಾಮಿನ ಆಚೆ ಹೊಲದ ರೈತರನ್ನು ಕೇಳಿದೆ. ಅಲ್ಲಿ ಯಾರಾದರೂ ಸತ್ತಿದ್ದರೆ, ಒಂದು ಕಥೆಯಾದರೂ ಇದ್ದಿದ್ದರೆ ಸಮಾಧಾನ ಆಗುತ್ತಿತ್ತು. "ಏನೂ ಇಲ್ಲ ಬಿಡ್ರಿ, ನಾವು ಮಳಿಗಾಲದಾಗ ಅದರಾಗ ಮಲಗತೇವಿ" ಅಂದರು. ಔಷಧದ ಘಾಟು ತಲೆಗೆ ಏರಿರಬೇಕು ಅಂದ ಒಬ್ಬ ಗೆಳೆಯ. ಹೆದರಿದ ಮನುಷ್ಯನಿಗೆ ಏನೇನೋ ಕೇಳಿಸುತ್ತದೆ ಅಂದ ಇನ್ನೊಬ್ಬ. ಆಗಲಿ. ಹೆದರಿದವನು ನಾನು. ಆದರೆ ಹಾಸಿಗೆಯ ಮೇಲೆ ಕಾಲು ಚಾಚಿ ಫೋನ್ ಮಾಡಿದವರಿಗೆ ಯಾಕೆ ಕೇಳಿಸಿತು?

ಒಮ್ಮೆ ಅಂಜುಬುರುಕ ಅಂತ ಹೆಸರು ಬಿದ್ದರೆ ಮುಗಿಯಿತು. ಆಮೇಲೆ ಅವನು ಕಣ್ಣಾರೆ ಕಂಡ ಬೆಂಕಿಯೂ ಅವನ ತಲೆಯೊಳಗಿನದೇ. ನನಗೆ ಆ ಗೋದಾಮಿಗಿಂತ ಇದರ ಮೇಲೇ ಹೆಚ್ಚು ಸಿಟ್ಟು.

ಆ ಕೆಲಸ ಬಿಟ್ಟೆ. ಬ್ಯಾಡಗಿಯಲ್ಲಿ ಹನಿ ನೀರಾವರಿ ಪೈಪಿನ ಸಣ್ಣ ಅಂಗಡಿ ಹಾಕಿದೆ. ಡಾಕ್ಟರಮ್ಮ ಹೇಳಿದ ಮನಸ್ಸಿನ ಡಾಕ್ಟರ ಹತ್ತಿರ ಹೋಗಿ ಗುಳಿಗೆ ತಗೊಂಡೆ, ಯಾರಿಂದಲೂ ಮುಚ್ಚಿಡಲಿಲ್ಲ. ಅಂಗಡಿ ಬಾಗಿಲು ಹಾಕಿದ ಮೇಲೆ ಫೋನ್ ಎತ್ತುವುದಿಲ್ಲ. ಎದೆ ಬಡಿತ ಮುಕ್ಕಾಲು ಇಳಿಯಿತು. ಆ ಉಸಿರು ಮತ್ತೆ ಕೇಳಿಸಲಿಲ್ಲ.

ಎರಡು ವರ್ಷದ ನಂತರ ರಾಣೆಬೆನ್ನೂರಿನಲ್ಲಿ ಒಂದು ಮದುವೆ. ಊಟದ ಸಾಲಿಗೆ ಹೊರಟಿದ್ದೆ, ಯಾರೋ ಕೈ ಹಿಡಿದರು. ಸಾಹೇಬರು. ಗುರುತು ಸಿಗದಷ್ಟು ಇಳಿದುಹೋಗಿದ್ದರು. ಚಪ್ಪರದ ಮೂಲೆಗೆ ಕರೆದುಕೊಂಡು ಹೋಗಿ ಪಿಸುಗುಟ್ಟಿದರು.

"ನಿನಗ ಈಗೂ ಕೇಳಸ್ತೈತೇನು?"

"ಇಲ್ರಿ."

ಅವರು ಕೈ ಬಿಡಲಿಲ್ಲ.

"ಹಂಗಾರ ಅವತ್ತ ನಾ ಹೇಳಿದ್ದು ಖರೇ ಅಂತ ಅಲ್ಲಿ ಹೋಗಿ ಹೇಳ್ರಿ ಸರ್" ಅಂದೆ. ನಮ್ಮ ಹಳೇ ಆಫೀಸಿನವರೆಲ್ಲ ಒಂದೇ ಸಾಲಿನಲ್ಲಿ ಕೂತಿದ್ದರು.

ಆ ಕಡೆ ನೋಡಿ ತಲೆ ಅಲ್ಲಾಡಿಸಿದರು. "ಹೇಳಿದ್ರ ನಿನಗ ಅಂದಂಗ ನನಗೂ ಅಂತಾರೋ ಮಲ್ಲೇಶಿ."

ಅವರ ಅಂಗೈ ತಣ್ಣಗಿತ್ತು. ಆ ತಣ್ಣನೆ ಏನು ಅಂತ ನನಗೆ ಗೊತ್ತು. ಆದರೂ ಕೈ ಬಿಡಿಸಿಕೊಂಡು ಊಟಕ್ಕೆ ಹೋದೆ. ಪಾಪ ಅನ್ನಿಸಲಿಲ್ಲ. ಈಗಲೂ ಅನ್ನಿಸುವುದಿಲ್ಲ.

ಒಂದು ಮಾತು ಮಾತ್ರ ತಲೆಯಿಂದ ಹೋಗುವುದಿಲ್ಲ. ಆ ಉಸಿರು ನನ್ನನ್ನು ಬಿಟ್ಟು ಅವರ ಹಿಂದೆ ಹೋಯಿತು. ಯಾಕೆ ಹೋಯಿತು, ನನಗೆ ಗೊತ್ತಿಲ್ಲ. ಅವರನ್ನು ಬಿಟ್ಟ ದಿನ ಎಲ್ಲಿಗೆ ಹೋಗುತ್ತದೆ… ಅದೂ ಗೊತ್ತಿಲ್ಲ.