ಸೀಡರ್ ಮರದ ಹಿಂದಿನ ಕಹಳೆ

ನಮ್ಮ ಚರ್ಚಿನ ಹಿರಿಯ ಸೇವಕರಾದ ಡೀಕನ್ ಪಿಟ್‌ಮನ್ ಕಹಳೆ ಊದುವ ಚೆಂದವನ್ನು ಕಣ್ಣಾರೆ ನೋಡಬೇಕಿತ್ತು. ಎರಡೂ ಕೆನ್ನೆ ಬನ್ನಿನ ಹಾಗೆ ಉಬ್ಬುತ್ತಿದ್ದವು, ಹಣೆಯ ನರ ಎದ್ದು ನಿಲ್ಲುತ್ತಿತ್ತು, ಕಣ್ಣು ಅರ್ಧ ಮುಚ್ಚಿರುತ್ತಿತ್ತು. ಉತ್ತರ ಕ್ಯಾರೊಲೈನಾದ ನಮ್ಮ ಟಾರ್ಬೆಲ್‌ನಲ್ಲಿ ಮಾಜಿ ಸೈನಿಕರು ಯಾರೇ ತೀರಿಕೊಂಡರೂ ಸಮಾಧಿಯ ಪಕ್ಕ ಸೈನ್ಯದ ವಿದಾಯದ ರಾಗ ಊದಲು ಅವರೇ ಬರಬೇಕು. ಕೌಂಟಿ ಆಡಳಿತದವರು ಅವರಿಗೊಂದು ಹಿತ್ತಾಳೆಯ ಫಲಕ ಕೊಟ್ಟಿದ್ದರು. ಮಾಜಿ ಸೈನಿಕರ ಸಭಾಂಗಣದಲ್ಲಿ, ಶುಕ್ರವಾರ ಶುಕ್ರವಾರ ಮೀನು ಕರಿಯುವ ಒಲೆಯ ಎದುರಿನ ಗೋಡೆಗೆ, ಎಣ್ಣೆಯ ಹೊಗೆ ಕುಡಿಯುತ್ತ ಅದು ನೇತಾಡುತ್ತಿತ್ತು. ಇಷ್ಟೆಲ್ಲ ಕೀರ್ತಿಗೆ ಇದ್ದದ್ದು ಒಂದೇ ಕುಂದು. ಪಿಟ್‌ಮನ್ನರಿಗೆ ಕಹಳೆ ಊದಲು ಬರುತ್ತಿರಲಿಲ್ಲ.

ಊದುತ್ತಿದ್ದವಳು ಲಟ್ರೀಸ್ ಮೇಬ್ರಿ, ಶಾಲಾ ಬಸ್ಸುಗಳ ಮೆಕ್ಯಾನಿಕ್. ಸ್ಮಶಾನದ ಸೀಡರ್ ಮರದ ಹಿಂದೆ, ಗ್ರೀಸು ಹತ್ತಿದ ಪ್ಯಾಂಟಿನಲ್ಲೇ ನಿಂತು, ಹೈಸ್ಕೂಲ್ ಬ್ಯಾಂಡಿನ ಕಾಲದ ತನ್ನ ಟ್ರಂಪೆಟ್ಟಿನಲ್ಲಿ ಊದುತ್ತಿದ್ದಳು. ಮರದಾಚೆ ಬಿಳಿ ಕೈಗವಸು, ನೀಲಿ ಕೋಟು ತೊಟ್ಟ ಪಿಟ್‌ಮನ್ನರು ಕೆನ್ನೆ ಉಬ್ಬಿಸುತ್ತಿದ್ದರು.

ಇದು ಶುರುವಾದದ್ದು ಲಟ್ರೀಸಳ ಅಜ್ಜ ತೀರಿಕೊಂಡ ದಿನ. ಈಗೀಗ ಕಹಳೆ ಊದುವವರು ಸಿಗುವುದಿಲ್ಲವೆಂದು ಕಹಳೆಯೊಳಗೇ ಪುಟ್ಟ ಧ್ವನಿಯಂತ್ರ ಸೇರಿಸಿ ಕೊಡುತ್ತಾರೆ. ಗುಂಡಿ ಒತ್ತಿ ತುಟಿಗೆ ಹಿಡಿದರೆ ಸಾಕು, ರಾಗ ತಾನೇ ಹೊರಡುತ್ತದೆ. ಅಜ್ಜನ ಸಮಾಧಿಯ ಮುಂದೆ ಪಿಟ್‌ಮನ್ನರು ಗುಂಡಿ ಒತ್ತಿದರು, ತುಟಿಗೆ ಹಿಡಿದರು, ಕೆನ್ನೆಯನ್ನೂ ಉಬ್ಬಿಸಿದರು. ಕಹಳೆ ಉಸಿರೆತ್ತಲಿಲ್ಲ. ಬ್ಯಾಟರಿ ಅಜ್ಜನಿಗಿಂತ ಮೊದಲೇ ಪ್ರಾಣ ಬಿಟ್ಟಿತ್ತು. ಅಷ್ಟರಲ್ಲಿ ಮರದ ಹಿಂದಿನಿಂದ ರಾಗ ಎದ್ದಿತು. ಎಲ್ಲರೂ ಹೋದ ಮೇಲೆ ಅಜ್ಜನಿಗೆ ಒಬ್ಬಳೇ ಊದೋಣವೆಂದು ಲಟ್ರೀಸ್ ಟ್ರಂಪೆಟ್ ಹಿಡಿದು ಅಲ್ಲಿ ಕಾದಿದ್ದಳು. ಪಿಟ್‌ಮನ್ನರು ಬುದ್ಧಿವಂತರು, ಕಹಳೆ ಇಳಿಸಲಿಲ್ಲ. ಕೊನೆಯ ಸ್ವರದವರೆಗೂ ಉಬ್ಬಿಸಿದ ಕೆನ್ನೆ ಉಬ್ಬಿಸಿಕೊಂಡೇ ನಿಂತರು. ಜನ ಅವರ ಕೈ ಹಿಡಿದು ಅತ್ತರು. ಆಮೇಲೆ ಬ್ಯಾಟರಿ ಹಾಕಿಸಲು ಯಾರೂ ಹೋಗಲಿಲ್ಲ.

ಮೊಮ್ಮಗಳು ಅಜ್ಜನ ಸಮಾಧಿಯ ಪಕ್ಕ ನಿಂತೇ ಊದಬಹುದಿತ್ತಲ್ಲ ಎಂದರೆ, ಅಲ್ಲೇ ಇರುವುದು ಕಥೆ. ಕಹಳೆ ಊದುವವರು ಮಾಜಿ ಸೈನಿಕರ ಗೌರವದಳದ ಸಾಲಿನಲ್ಲಿ ನಿಲ್ಲಬೇಕು. ಸಾಲಿನಲ್ಲಿ ನಿಲ್ಲಲು ಸೈನ್ಯದಿಂದ ಮರ್ಯಾದೆಯಾಗಿ ಬಿಡುಗಡೆಯಾಗಿರಬೇಕು. ಲಟ್ರೀಸಳ ಬಿಡುಗಡೆ ಪತ್ರದಲ್ಲಿ ಆ ಮರ್ಯಾದೆಯೇ ಇರಲಿಲ್ಲ.

ಅಫ್ಘಾನಿಸ್ತಾನದಲ್ಲಿ ಇಂಧನದ ಟ್ರಕ್ಕು ಓಡಿಸಿದವಳು ಅವಳು. ಹಿಂದಿನ ಟ್ರಕ್ಕು ಹೊತ್ತಿ ಉರಿದದ್ದನ್ನು ಕನ್ನಡಿಯಲ್ಲಿ ನೋಡುತ್ತಲೇ ಗೇರು ಬದಲಿಸಿದ್ದಳು, ನಿಲ್ಲಿಸಬಾರದೆಂದು ಅಪ್ಪಣೆಯಿತ್ತು. ದೇಶಕ್ಕೆ ಮರಳಿ, ಇನ್ನೂ ಸೈನ್ಯದಲ್ಲಿದ್ದಾಗಲೇ, ನಿದ್ದೆ ಹತ್ತಿರ ಸುಳಿಯಲಿಲ್ಲ. ಸೋದರಬಂಧುವಿನ ಮದುವೆಯಲ್ಲಿ ಯಾರೋ ಗಾಂಜಾ ಕೊಟ್ಟರು, ಸೇದಿದಳು, ಮಗುವಿನ ಹಾಗೆ ಮಲಗಿದಳು. ಇನ್ನೊಮ್ಮೆ ಮಲಗಬೇಕೆನಿಸಿತು, ಇನ್ನೊಮ್ಮೆ ಸೇದಿದಳು. ಸೈನ್ಯ ಅವಳ ಧೈರ್ಯವನ್ನು ಪರೀಕ್ಷಿಸಿದ್ದು ಕಮ್ಮಿ, ಮೂತ್ರವನ್ನು ಪರೀಕ್ಷಿಸಿದ್ದೇ ಹೆಚ್ಚು. ಎರಡು ಸಲ ಸಿಕ್ಕಿಬಿದ್ದ ಮೇಲೆ 'ಗೌರವಯುತವಲ್ಲದ ಬಿಡುಗಡೆ' ಎಂಬ ಪತ್ರ ಕೈಗಿಟ್ಟು ಗೇಟು ತೋರಿಸಿದರು. ಅದೇ ಸೊಪ್ಪನ್ನು ಈಗ ಎಷ್ಟೋ ರಾಜ್ಯಗಳಲ್ಲಿ ಗಾಜಿನ ಡಬ್ಬಿಯಲ್ಲಿಟ್ಟು, ದೀಪ ಹಾಕಿ ಮಾರುತ್ತಾರೆ. ಇದನ್ನು ನೆನೆಸಿಕೊಂಡಾಗ ಲಟ್ರೀಸಳಿಗೆ ನಗು ಬರುತ್ತಿತ್ತು, ಆದರೆ ಪೂರ್ತಿ ಬರುತ್ತಿರಲಿಲ್ಲ.

ಬಿಡುಗಡೆ ಪತ್ರಗಳನ್ನು ಮರುಪರಿಶೀಲಿಸುವ ಸೈನ್ಯದ ಮಂಡಳಿಗೆ ಮೇಲ್ಮನವಿ ಹಾಕಲು ಹದಿನೈದು ವರ್ಷದ ಗಡುವು. ಅದು ಮುಗಿಯುತ್ತ ಬಂದ ವರ್ಷ ಅವಳನ್ನು ದೂಡಿ ದೂಡಿ ಅರ್ಜಿ ಹಾಕಿಸಿದ್ದು ಒಡೆಸ್ಸಾ ಚಿಕ್ಕಮ್ಮ. ತಾಯಿಯಿಲ್ಲದ ಲಟ್ರೀಸಳನ್ನು ಸಾಕಿದವಳು, ಬ್ಯಾಪ್ಟಿಸ್ಟ್ ಚರ್ಚಿನ ಅಡುಗೆಮನೆಯ ಸರ್ವಾಧಿಕಾರಿ. ಅವಳ ಗೆಣಸಿನ ಪೈ ತಿನ್ನಲೆಂದೇ ಪ್ರಾರ್ಥನೆಗೆ ಬರುವ ಪಾಪಿಗಳು ಊರಲ್ಲಿದ್ದಾರೆ. ವಿಚಾರಣೆಯ ದಿನ ಗೊತ್ತಾದದ್ದೇ ಚಿಕ್ಕಮ್ಮ ಅಡುಗೆಮನೆಯ ಬಾಗಿಲು ಹಾಕಿ ಪಿಸುಗುಟ್ಟಿದಳು.

"ನಾನು ಬಂದು ಸಾಕ್ಷಿ ಹೇಳ್ತೀನಿ. ಆ ಗಾಂಜಾನ ನಾನೇ ಕೇಕಿನೊಳಗೆ ಹಾಕಿ ತಿನ್ನಿಸಿದೆ, ಹುಡುಗಿಗೆ ಗೊತ್ತೇ ಇರಲಿಲ್ಲ ಅಂತೀನಿ."

"ಎರಡು ಸಲಾನಾ ಚಿಕ್ಕಮ್ಮ?"

"ಕೇಕು ಮಿಕ್ಕಿತ್ತು ಅಂತೀನಿ."

"ಹಾಗಂದುಬಿಟ್ರೆ ಮುಂದಿನ ಭಾನುವಾರ ನಿನ್ನ ಕೇಕಿಗೆ ಹೈವೇವರೆಗೆ ಕ್ಯೂ ನಿಲ್ಲುತ್ತೆ. ಬೇಡ. ಸೇದಿದ್ದು ನಾನು. ನಾನೇ ಹೇಳ್ತೀನಿ."

"ಸತ್ಯ ಹೇಳೋಕೆ ಹೋಗಿ ಇರೋದನ್ನೂ ಕಳ್ಕೋಬೇಡ ಕಣೇ."

"ಕಳ್ಕೊಳ್ಳೋಕೆ ಏನಿದೆ? ಒಂದು ಮರ ಇದೆ. ಅದನ್ನ ಯಾರೂ ಕಿತ್ಕೊಳ್ಳಲ್ಲ."

ಮಾತೇನೋ ಜೋರಾಗಿಯೇ ಬಂತು. ಒಳಗೆ ಮಾತ್ರ ಅವಳಿಗೆ ಆ ಸಾಲಿನಲ್ಲಿ ಒಮ್ಮೆ ನಿಲ್ಲಬೇಕೆಂಬ ಆಸೆ ಹಸಿವಿನ ಹಾಗೆ ಕೊರೆಯುತ್ತಿತ್ತು. ಪಿಂಚಣಿಯಲ್ಲ, ಸೈನಿಕರ ಆಸ್ಪತ್ರೆಯ ಸೌಲಭ್ಯವಲ್ಲ, ಹಗಲು ಹೊತ್ತಿನಲ್ಲಿ ನಾಲ್ಕು ಜನರ ಕಣ್ಣೆದುರು ನಿಂತು ಊದಬೇಕು, ಅಷ್ಟೇ.

ತೊಡಕಿದ್ದದ್ದು ಬೇರೆ ಕಡೆ. ಅರ್ಜಿ ಬರೆಸಲು ನೆರವಾದ ಕೌಂಟಿ ಕಚೇರಿಯ ಹೆಂಗಸು ಸ್ಪಷ್ಟವಾಗಿ ಹೇಳಿದ್ದಳು: "ಮಂಡಳಿಯವರಿಗೆ ನಿನ್ನ ಕಣ್ಣೀರು ಬೇಡಮ್ಮ. ಹೊರಗೆ ಬಂದ ಮೇಲೆ ಏನು ಮಾಡಿದೆ ಅಂತ ಕೇಳ್ತಾರೆ. ಒಳ್ಳೇದು ಏನಾದರೂ ಇದ್ರೆ ಅದನ್ನ ತೋರಿಸು." ತೋರಿಸಲು ಒಳ್ಳೆಯದು ಇದ್ದದ್ದು ಒಂದೇ, ಅದು ಮರದ ಹಿಂದಿತ್ತು. ಅದನ್ನು ತೋರಿಸಿದರೆ ಮರದ ಮುಂದಿನ ಮುದುಕರ ಮಾನ ಮೂರು ಕಾಸಿಗೆ ಹರಾಜಾಗುತ್ತಿತ್ತು. ಲಟ್ರೀಸ್ ಸೈನ್ಯದಿಂದ ಬಂದ ಹೊಸದರಲ್ಲಿ ಊರಿನ ಅರ್ಧ ಜನ ಬೀದಿ ದಾಟಿ ಆಚೆ ಹೋಗುತ್ತಿದ್ದಾಗ, "ಬಾ ಮಗಳೇ, ಮೀನು ಬಿಸಿ ಇದೆ" ಎಂದು ಕರೆದು ಕೂರಿಸಿದವರು ಪಿಟ್‌ಮನ್ನರೊಬ್ಬರೇ. ಹಾಗಾಗಿ ಅವಳು ಅರ್ಜಿಯಲ್ಲಿ ಕಹಳೆಯ ಮಾತೆತ್ತಲಿಲ್ಲ.

ಪಿಟ್‌ಮನ್ನರೂ ಎತ್ತಲಿಲ್ಲ. "ಸಾಕ್ಷಿಗೆ ನಾನು ಬರ್ತೀನಿ. ಟಾರ್ಬೆಲ್‌ನ ಕಹಳೆಗಾರ ಹೇಳಿದ ಮಾತಿಗೆ ತೂಕ ಇರುತ್ತೆ," ಎಂದು ಗಂಭೀರವಾಗಿ ಹೇಳಿದರು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವುದುಂಟು. ಕುಡಿದು ಕುಡಿದು ಹಾಲು ತಾನೇ ಕರೆದದ್ದೆಂದು ನಂಬಿಬಿಡುವ ಬೆಕ್ಕುಗಳೂ ಉಂಟು.

ವಿಚಾರಣೆ ನಡೆದದ್ದು ಸಭಾಂಗಣದಲ್ಲೇ, ಕಂಪ್ಯೂಟರಿನ ಪರದೆಯ ಮೇಲೆ. ಮಂಡಳಿಯವರು ದೂರದ ರಾಜಧಾನಿಯ ಕಡೆ ಕುಳಿತಿದ್ದರು. ಮಧ್ಯದಲ್ಲಿದ್ದ ಕರ್ನಲ್, ಬಿಳಿಗೂದಲ ಹೆಂಗಸು, ಕನ್ನಡಕದ ಮೇಲಿನಿಂದ ನೋಡಿದರೆ ಎದುರಿನವರು ತಮಗೆ ಗೊತ್ತಿಲ್ಲದ ತಪ್ಪನ್ನೂ ಒಪ್ಪಿಕೊಳ್ಳಬೇಕು. ಒಡೆಸ್ಸಾ ಚಿಕ್ಕಮ್ಮ ಹಿಂದಿನ ಸಾಲಿನಲ್ಲಿ, ಭಾನುವಾರದ ಹ್ಯಾಟು ಹಾಕಿಕೊಂಡು, ಬಾಯಿ ತೆರೆಯುವುದಿಲ್ಲವೆಂದು ಆಣೆ ಮಾಡಿ ಕುಳಿತಿದ್ದಳು.

"ಗೊತ್ತಿಲ್ಲದೆ ಸೇವಿಸಿದಿರಾ?" ಎಂದರು ಕರ್ನಲ್.

"ಇಲ್ಲ ಮೇಡಂ. ಗೊತ್ತಿದ್ದೇ ಸೇದಿದೆ. ಎರಡು ಸಲ. ನಿದ್ದೆ ಬರ್ತಿರಲಿಲ್ಲ. ತಪ್ಪು ನಂದೇ."

ಹಿಂದಿನ ಸಾಲಿನಲ್ಲಿ ಹ್ಯಾಟು ನಿಟ್ಟುಸಿರು ಬಿಟ್ಟಿತು.

"ಈಗ?"

"ಆ ವರ್ಷದಿಂದೀಚೆಗೆ ಮುಟ್ಟಿಲ್ಲ ಮೇಡಂ. ಬಸ್ಸು ರಿಪೇರಿ ಮಾಡ್ತೀನಿ. ನನ್ನ ಬ್ರೇಕು ನಂಬಿ ಮಕ್ಕಳು ಕೂರ್ತಾರೆ."

"ಸಂತೋಷ. ಊರಿಗೆ, ಸಮಾಜಕ್ಕೆ ಅಂತ ಬೇರೆ ಏನಾದರೂ ಸೇವೆ?"

ಲಟ್ರೀಸ್ ತನ್ನ ಬೂಟು ನೋಡಿಕೊಂಡಳು. "ಹೇಳಿಕೊಳ್ಳುವಂಥದ್ದೇನಿಲ್ಲ ಮೇಡಂ."

ಸಾಕ್ಷಿಯ ಸರದಿ ಬಂತು. ಪಿಟ್‌ಮನ್ನರು ಕೋಟು ಎಳೆದುಕೊಂಡು ನಿಂತು, ವಿಯೆಟ್ನಾಮಿನ ಕಾಲದ ತಮ್ಮ ಸೇವೆ ಹೇಳಿದರು. ಚರ್ಚಿನ ಡೀಕನ್ ಎಂದರು. ಕೊನೆಗೆ ಗೌರವದಳದ ಕಹಳೆಗಾರ ಎಂದರು, ಸ್ವಲ್ಪ ಹೆಚ್ಚೇ ನಿಧಾನವಾಗಿ.

ಕರ್ನಲ್ ಮೊದಲ ಸಲ ಕನ್ನಡಕ ತೆಗೆದರು. "ನಿಜವಾಗಿ ಊದುತ್ತೀರಾ? ಈಗೆಲ್ಲಾ ಕಡೆ ಯಂತ್ರವೇ. ಹೋದ ವರ್ಷ ನಮ್ಮ ತಂದೆಗೂ ಯಂತ್ರವೇ ಊದಿತು. ನಿಮ್ಮಂಥವರಿರುವ ಊರು ಪುಣ್ಯವಂತ ಊರು."

ಪಿಟ್‌ಮನ್ನರ ಕೆನ್ನೆ ಅಭ್ಯಾಸಬಲದಿಂದ ಉಬ್ಬಿತು, ಆಮೇಲೆ ಮೆಲ್ಲಗೆ ಇಳಿಯಿತು. ಅವರು ಲಟ್ರೀಸಳ ಕಡೆ ನೋಡಿದರು. ಅವಳು ಬೇಡ ಎಂಬಂತೆ ಸಣ್ಣಗೆ ತಲೆಯಾಡಿಸಿದಳು.

"ಮೇಡಂ," ಎಂದರು ಮುದುಕರು, "ನನ್ನ ಮೇಲಿನ ಸಾಲಿನ ಹಲ್ಲೇ ನಂದಲ್ಲ. ಕಟ್ಟಿಸಿಕೊಂಡಿದ್ದು. ಊದಿದ್ರೆ ರಾಗಕ್ಕಿಂತ ಮೊದಲು ಅದು ಹೊರಗೆ ಬರುತ್ತೆ. ನಾನು ಈ ಜನ್ಮದಲ್ಲಿ ಒಂದು ಸ್ವರ ಊದಿಲ್ಲ."

ಸಭಾಂಗಣದಲ್ಲಿ ಯಾರದೋ ಕುರ್ಚಿ ಕಿರ್ರೆಂದಿತು.

"ಊದೋದು ಈ ಹುಡುಗಿ. ಇಷ್ಟು ವರ್ಷ, ಚಳಿ ಅನ್ನದೆ, ಕೆಲಸ ಬಿಟ್ಟು ಬಂದು, ಮರದ ಹಿಂದೆ ನಿಂತು ಊದಿದ್ದಾಳೆ. ನಾನು ಮುಂದೆ ನಿಂತು ಕೆನ್ನೆ ಉಬ್ಬಿಸಿದ್ದೀನಿ. ಅಗೋ ಆ ಫಲಕ ನೋಡಿ, ಅದು ಅವಳದು. ನಾನು ಇಟ್ಕೊಂಡಿದ್ದೀನಿ."

"ಮರದ ಹಿಂದೆ ಯಾಕೆ?" ಕರ್ನಲರ ದನಿ ಇಳಿದಿತ್ತು.

"ಮುಂದೆ ನಿಲ್ಲೋಕೆ ಪತ್ರ ಬೇಕು ಮೇಡಂ. ಅವಳ ಪತ್ರ ನಿಮ್ಮ ಹತ್ರ ಇದೆ."

ಒಡೆಸ್ಸಾ ಚಿಕ್ಕಮ್ಮ ಆಣೆ ಮರೆತು "ಆಮೆನ್!" ಎಂದು ಕೂಗಿಬಿಟ್ಟಳು.

ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಎಂಬ ಗಾದೆಯನ್ನು ಅಷ್ಟು ಅಕ್ಷರಶಃ ಬದುಕಿದ ಜೋಡಿ ಇನ್ನೆಲ್ಲೂ ಇರಲಾರದು. ಆ ದಿನ ಮುದುಕರು ಗೋಡೆಯಿಂದ ಫಲಕ ಇಳಿಸಿ ಕಾಗದದಲ್ಲಿ ಸುತ್ತಿಟ್ಟು ಮನೆಗೆ ಹೋದರು. ಲಟ್ರೀಸಳಿಗೆ ಗೆದ್ದೆನೋ ಸೋತೆನೋ ತಿಳಿಯಲಿಲ್ಲ, ಮನಸ್ಸು ಮಾತ್ರ ಅವರ ಹಿಂದೆಯೇ ಹೋಯಿತು.

ಗುಟ್ಟು ರಟ್ಟಾಗಲು ನಮ್ಮೂರಲ್ಲಿ ಪತ್ರಿಕೆ ಬೇಕಿಲ್ಲ, ಒಂದು ಶುಕ್ರವಾರ ಸಾಕು. ಮೀನಿನ ಊಟಕ್ಕೆ ಪಿಟ್‌ಮನ್ನರು ಬರುವುದಿಲ್ಲವೆಂದೇ ಎಲ್ಲರೂ ಎಣಿಸಿದ್ದರು. ಲಟ್ರೀಸ್ ಅವರ ಮನೆಗೇ ಹೋಗಿ, ಬಾಗಿಲಲ್ಲಿ ನಿಂತು, "ಡೀಕನ್ನರೇ, ಮೀನು ಬಿಸಿ ಇದೆ" ಎಂದಳು. ಅವರು ಬಂದರು. ತಟ್ಟೆಯ ಮುಂದೆ ಯಾರೋ ಒಂದು ಕೆಂಪು ಬಲೂನು ಇಟ್ಟಿದ್ದರು.

"ಡೀಕನ್, ಇದನ್ನಾದ್ರೂ ಊದಿ ತೋರಿಸಿ!"

ಪಿಟ್‌ಮನ್ನರು ಬಲೂನನ್ನು ಕೈಗೆತ್ತಿಕೊಂಡು, ತಿರುಗಿಸಿ ನೋಡಿ, ಲಟ್ರೀಸಳ ಕೈಗೆ ಕೊಟ್ಟರು. "ನನ್ನ ಪರವಾಗಿ ಊದೋಳು ಇವಳು," ಎಂದರು. ಸಭಾಂಗಣ ನಗೆಯಲ್ಲಿ ಮುಳುಗಿತು. ಅಲ್ಲಿಗೆ ಊರು ಅವರನ್ನು ಕ್ಷಮಿಸಿತು. ನಮ್ಮವರ ಕ್ಷಮೆ ಹಾಗೆಯೇ, ಗೇಲಿ ಮಾಡಿಯೇ ಕೊಡುವುದು.

ತೀರ್ಪು ಬರುವ ಹೊತ್ತಿಗೆ ಚಳಿಗಾಲ ಕಳೆದು ಡಾಗ್‌ವುಡ್ ಮರ ಹೂ ಬಿಟ್ಟಿತ್ತು. ಮಂಡಳಿಯವರು ಕೈಬಿಚ್ಚಿ ಕೊಡುವವರಲ್ಲ. ಪೂರ್ತಿ 'ಗೌರವಯುತ' ಎನ್ನಲಿಲ್ಲ, ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನದನ್ನು ಬರೆದಿದ್ದರು. ಒಡೆಸ್ಸಾ ಚಿಕ್ಕಮ್ಮ ಅದನ್ನು 'ಮುಕ್ಕಾಲು ಮರ್ಯಾದೆ' ಎಂದು ಕರೆದು, ಉಳಿದ ಕಾಲು ಭಾಗಕ್ಕಾಗಿ ಕರ್ನಲರಿಗೆ ಒಂದು ಪೈ ಕಳಿಸುತ್ತೇನೆಂದು ಹೊರಟವಳನ್ನು ತಡೆಯುವಷ್ಟರಲ್ಲಿ ಸಾಕುಬೇಕಾಯಿತು. ಗೌರವದಳದ ನಿಯಮಕ್ಕೆ ಮುಕ್ಕಾಲು ಸಾಕಾಗಿತ್ತು. ಪಿಟ್‌ಮನ್ನರ ನೀಲಿ ಕೋಟನ್ನೇ ಚಿಕ್ಕಮ್ಮ ಬಿಚ್ಚಿ ಲಟ್ರೀಸಳ ಅಳತೆಗೆ ಹೊಲಿದಳು.

ಮೊದಲ ಸರದಿ ಬಂದದ್ದು ಏಪ್ರಿಲಿನಲ್ಲಿ, ಸೈನ್ಯದಲ್ಲಿ ಅಡುಗೆ ಮಾಡಿದ್ದ ಹಿರಿಯರೊಬ್ಬರ ಸಮಾಧಿಯ ಬಳಿ. ಬಿಸಿಲು ಚೆನ್ನಾಗಿತ್ತು. ಲಟ್ರೀಸ್ ಸಾಲಿನ ತುದಿಯಲ್ಲಿ, ಬಿಳಿ ಕೈಗವಸು ತೊಟ್ಟು ನಿಂತಳು. ಗೌರವವಂದನೆಯ ಬಂದೂಕಿನ ಸದ್ದು ಅಡಗಿತು. ಎಲ್ಲರ ಕಣ್ಣೂ ಅವಳ ಮೇಲೆ ಬಿತ್ತು. ಮರದ ಹಿಂದೆ ಅಷ್ಟು ವರ್ಷದಲ್ಲಿ ಒಮ್ಮೆಯೂ ಕೈಕೊಡದ ರಾಗ, ಅಂದು ಏರುವ ಜಾಗದಲ್ಲಿ ಚಕ್ಕೆಂದು ಒಡೆಯಿತು. ಮೊಟ್ಟೆ ಬಿದ್ದಂತೆ ಎಲ್ಲರಿಗೂ ಕೇಳಿಸಿತು. ಅವಳು ಕಣ್ಣು ಮುಚ್ಚಿ, ಮುಂದಿನ ಸ್ವರ ಹಿಡಿದು, ಕೊನೆಯವರೆಗೂ ಊದಿ ಮುಗಿಸಿದಳು.

ಜನ ಚೆದುರುವಾಗ ಪರವೂರಿನ ಹೆಂಗಸೊಬ್ಬಳು, ಸತ್ತವರ ನಾದಿನಿ, ಪಕ್ಕದವಳಿಗೆ ಹೇಳಿದ್ದು ಸ್ಪಷ್ಟವಾಗಿ ಕೇಳಿತು. "ಹಿಂದೆ ಒಬ್ಬ ಮುದುಕ ಊದ್ತಿದ್ದನಲ್ಲ, ಅವನೇ ವಾಸಿ ಕಣೇ."

ಸೀಡರ್ ಮರಕ್ಕೆ ಒರಗಿ ನಿಂತಿದ್ದ ಪಿಟ್‌ಮನ್ನರು ಕಟ್ಟಿಸಿಕೊಂಡ ಹಲ್ಲನ್ನೆಲ್ಲ ತೋರಿಸಿ ನಕ್ಕರು. ಅವರೂ ಮರದ ಬಳಿ ಕೆನ್ನೆ ಉಬ್ಬಿಸಿಯೇ ನಿಂತಿದ್ದರೆಂದು ಚಿಕ್ಕಮ್ಮ ಈಗಲೂ ಆಣೆ ಮಾಡುತ್ತಾಳೆ.

"ಕೇಳಿದೆಯಾ ಮಗಳೇ? ನಾನು ಯಾವತ್ತೂ ಒಂದು ಸ್ವರ ತಪ್ಪಿದವನಲ್ಲ."

ಲಟ್ರೀಸ್ ಕೈಗವಸಿನಿಂದಲೇ ಮೂಗು ಒರೆಸಿಕೊಂಡಳು. ಅಳುತ್ತಿದ್ದಳೋ ನಗುತ್ತಿದ್ದಳೋ, ಎರಡೂ ಇದ್ದಿರಬೇಕು.

"ತಪ್ಪಿದ್ದು ನಾನೇ ಅಂತ ಎಲ್ಲರೂ ನೋಡಿದ್ರಾ, ಡೀಕನ್ನರೇ?"

"ಎಲ್ಲರೂ ನೋಡಿದ್ರು."

"ಸರಿ ಹಾಗಾದ್ರೆ," ಎಂದು ಅವಳು ಟ್ರಂಪೆಟ್ಟಿನೊಳಗೆ ಕೂಡಿದ್ದ ಉಸಿರಿನ ನೀರು ಕೊಡವಿ, ಟೋಪಿ ಸರಿಮಾಡಿಕೊಂಡು, ಸಾಲಿನಲ್ಲಿ ತನ್ನ ಜಾಗಕ್ಕೆ ವಾಪಸು ನಡೆದಳು.