ಅತ್ತೆ ಹೊಕ್ಕ ಮ್ಯೂಸಿಯಂ

ನಮ್ಮ ಅತ್ತೆ ವಿಜಾಪುರದವರು. ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತರಾದವರು. ಪರದೇಶದಲ್ಲಿ, ಈಸ್ಟ್‌ಗೇಟಿನ ನಮ್ಮ ಮನೆಗೆ ಬಂದ ಮೊದಲ ವಾರವೇ, "ಈ ಊರಾಗ ಆಫೀಸು ಬಿಟ್ರ ಏನೂ ಇಲ್ಲೇನವಾ? ಹಳೇದು ಏನರ ತೋರಸು" ಎಂದರು. ಅರಮನೆಯ ಊರು ಮೈಸೂರಿನಿಂದ ಬಂದ ನನಗೆ ಇದು ಮರ್ಯಾದೆಯ ಪ್ರಶ್ನೆಯಾಯಿತು. ಒಂದು ಶನಿವಾರ ಕಾರಿನ ಸಮೇತ ಫೆರ್ರಿ ಹಡಗಿನಲ್ಲಿ ನೀರು ದಾಟಿಸಿ ಅವರನ್ನು ಪೋರ್ಟ್ ಟೌನ್‌ಸೆಂಡಿಗೆ ಕರೆದೊಯ್ದೆ. ಸಮುದ್ರದಂಚಿನ ಸಣ್ಣ ಊರು. ಹಡಗಿನ ವ್ಯಾಪಾರ ಜೋರಾಗಿದ್ದ ಕಾಲದ ಇಟ್ಟಿಗೆ ಕಟ್ಟಡಗಳು ಕೆಳಗೆ, ಆಗಿನ ಸಾಹುಕಾರರ ಮರದ ಮನೆಗಳು ಗುಡ್ಡದ ಮೇಲೆ. ಎಲ್ಲವನ್ನೂ ನಡೆದೇ ನೋಡಬೇಕು.

ಮೊದಲ ಕಟ್ಟಡದ ಮುಂದೆ ಅತ್ತೆ ಕನ್ನಡಕ ಸರಿಮಾಡಿಕೊಂಡು ಫಲಕ ಓದಿದರು. "ಇದು ಹಳೇದೇನು? ನಮ್ಮ ಮನಿ ಒಳಕಲ್ಲು ಇದಕ್ಕಿಂತ ಹಿರೇದು."

ಏದುಸಿರು ಬಿಡುತ್ತ ಗುಡ್ಡ ಹತ್ತಿದೆವು. ಹಿಂದೆ ಬೆಂಕಿ ಬಿದ್ದಾಗ ಊರನ್ನು ಎಚ್ಚರಿಸುತ್ತಿದ್ದ ಗಂಟೆಯ ಗೋಪುರ ತೋರಿಸಿದೆ.

"ಗೋಳಗುಮ್ಮಟದ ಪಾರಿವಾಳ ಇದರ ಮ್ಯಾಲ ಕೂಡಾಕೂ ನಾಚ್ಕೋತಾವ."

ಅಷ್ಟರಲ್ಲಿ ಗಂಡನ ಫೋನು ಬಂತು. ಮಾತು ಮುಗಿಸಿ ತಿರುಗಿದರೆ ಅತ್ತೆ ಇಲ್ಲ. ನಾಲ್ಕಾರು ಮನೆಗಳಾಚೆ, ಅಂಥದೇ ಇತಿಹಾಸದ ಫಲಕ ಹಾಕಿದ್ದ ಒಂದು ಮನೆಯ ಜಗುಲಿಯಲ್ಲಿ ಅವರ ಬೂಟುಗಳು ಜೋಡಿಯಾಗಿ ಕೂತಿದ್ದವು. ಬಾಗಿಲು ತೆರೆದೇ ಇತ್ತು.

ಒಳಗೆ ಓಡಿದೆ. ನಡುಮನೆಯಲ್ಲಿ ಅತ್ತೆ ಕೈಕಟ್ಟಿ ನಿಂತಿದ್ದರು. ಎದುರಿನ ಕುರ್ಚಿಯಲ್ಲಿ ಕಣ್ಣು ಮುಚ್ಚಿದ ಬಿಳಿಗಡ್ಡದ ಅಜ್ಜ.

"ಬಾ ಬಾ, ಗೊಂಬಿ ಭಾಳ ಛಲೋ ಮಾಡ್ಯಾರ. ಕಿವಿಯೊಳಗಿನ ಕೂದಲಾ ಸೈತ ಬಿಟ್ಟಿಲ್ಲ!"

ಗೊಂಬೆಯ ತೊಡೆಯ ಮೇಲೆ ಟಿವಿ ರಿಮೋಟು ಇತ್ತು. "ಅತ್ತೆ, ಮುಟ್ಬೇಡಿ!" ಎನ್ನುವಷ್ಟರಲ್ಲಿ ಅವರ ಬೆರಳು ಕಿವಿಯವರೆಗೆ ಹೋಗಿತ್ತು. ಗೊಂಬೆ ಕಣ್ಣು ಬಿಟ್ಟು, "ಹಲೋ" ಎಂದಿತು.

ಅತ್ತೆ ಕಿರುಚಲಿಲ್ಲ. ತರಗತಿಯಲ್ಲಿ ತೂಕಡಿಸಿ ಸಿಕ್ಕಿಬಿದ್ದ ಹುಡುಗನನ್ನು ನೋಡುವಂತೆ ನೋಡಿ, "ವೇರ್ ಈಸ್ ಟಿಕೆಟ್ ಕೌಂಟರ್?" ಎಂದು ಕೇಳಿದರು.

ಅಜ್ಜ ಪೊಲೀಸರನ್ನು ಕರೆದರೆ ಗತಿಯೇನೆಂದು ನಾನು ಒಂದೇ ಉಸಿರಿಗೆ ಕ್ಷಮೆ ಕೇಳಿದೆ. ಇದು ಮ್ಯೂಸಿಯಂ ಅಲ್ಲ, ಅಜ್ಜನ ಮನೆ ಎಂದು ತಿಳಿದು ಅತ್ತೆಯೂ ಸೆರಗು ಹೊದ್ದುಕೊಂಡು ಸಣ್ಣಗಾದರು. ಅಜ್ಜ ಮಾತ್ರ ಕೆಮ್ಮು ಬರುವಷ್ಟು ನಕ್ಕರು. ಮನೆ ಕಟ್ಟಿಸಿದ್ದು ಅವರ ಮುತ್ತಜ್ಜನಂತೆ. ಬಂದವರೆಲ್ಲ ಹೊರಗೇ ಫೋಟೋ ತೆಗೆದುಕೊಂಡು ಹೋಗುತ್ತಾರೆ, ಒಳಗೆ ಬಂದವರು ನೀವೇ ಮೊದಲು ಎಂದು ಹೇಳಿ, ಮನೆ ತೋರಿಸಲು ತಾವೇ ಎದ್ದರು.

ಅಡಿಗೆಮನೆಯ ಬಾಗಿಲ ಚೌಕಟ್ಟಿನ ತುಂಬ ಪೆನ್ಸಿಲ್ ಗೆರೆಗಳಿದ್ದವು. ನಾಲ್ಕು ತಲೆಮಾರಿನ ಮಕ್ಕಳ ಎತ್ತರ. ಅತ್ತೆ ಬಗ್ಗಿ ಒಂದೊಂದನ್ನೂ "ಇದು ಯಾರು?" ಎಂದು ಕೇಳಿದರು. ಅಜ್ಜನ ಇಂಗ್ಲಿಷು ಅವರಿಗೆ ಅರ್ಧ ತಿಳಿಯುತ್ತಿತ್ತು, ಉಳಿದರ್ಧ ನಾನು ಹೇಳುತ್ತಿದ್ದೆ.

"ಖರೇನ ಛಲೋ ಐತಿ," ಎಂದರು ನನಗೆ. "ಸುಲ್ತಾನರು ಅಷ್ಟ ದೊಡ್ಡ ಗುಮ್ಮಟ ಕಟ್ಟಿದ್ರು. ಅವರ ಮಕ್ಕಳು ಎಷ್ಟೆಷ್ಟು ಬೆಳದ್ರು ಅಂತ ಯಾರೂ ಗೀಚಿ ಇಡಲಿಲ್ಲ ನೋಡು."

ಇದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಅಜ್ಜ ಡ್ರಾಯರಿನಿಂದ ಪೆನ್ಸಿಲ್ ತಂದು, ಅತ್ತೆಯನ್ನೂ ಚೌಕಟ್ಟಿಗೆ ಒರಗಿ ನಿಲ್ಲುವಂತೆ ಕರೆದರು. ಅತ್ತೆ ಬೇಡಬೇಡವೆನ್ನುತ್ತಲೇ ಹೋಗಿ ನಿಂತರು. ತಲೆಯ ಮೇಲೆ ಗೆರೆ ಬಿತ್ತು: ಅಲ್ಲಿದ್ದ ಅಜ್ಜನ ತಂಗಿಯ ಕೊನೆಯ ಗೆರೆಗಿಂತ ಒಂದು ಬೆರಳು ಮೇಲೆ. ಸೀರೆಯ ನೆರಿಗೆಯ ಮರೆಯಲ್ಲಿ ಹಿಮ್ಮಡಿ ಎತ್ತಿದ್ದು ಅಜ್ಜನಿಗೆ ಕಾಣಲಿಲ್ಲ. ನನಗೆ ಕಂಡಿತು. ಸೊಸೆಯಲ್ಲವೇ, ಬಾಯಿ ಮುಚ್ಚಿಕೊಂಡೆ.